ಗಂಡು ಹೂವಿನ ಡಬ್ಬಿ

ಮೊದಲು ಸಿಂಬಿ ಸುತ್ತಬೇಕು, ಅಂದಳು ಶೆಫಾಲಿ,
ಸಿಂಧನೂರು ಸಂತೆಯಲ್ಲಿ ತಕ್ಕಡಿಯ ಆಚೆ ಕೂತು.
ಮೊಳದ ಮೇಲೊಂದು ಗೇಣು ಬಳ್ಳಿ. ಕೊಡ ಹೊರುವಾಗ ಸುತ್ತುತ್ತೀಯಲ್ಲ,
ಹಾಗೇ. ತುದಿ ಎರಡೂ ಹೊರಗಿಟ್ಟು ನಡು ಹುಗಿ.
ಬರೀ ಎರೆಮಣ್ಣು ಪಟೋಲ್‌ಗೆ ಆಗಿಬರೋದಿಲ್ಲ.
ಹಳ್ಳದ ಮರಳು, ಒಲೆಬೂದಿ, ಹಳೆಯ ಗೊಬ್ಬರ
ಕಲಸಿ ಗುಡ್ಡೆ ಮಾಡು. ಕಾಲುವೆ ನೀರು ಬುಡದಲ್ಲಿ ನಿಂತರೆ
ಮೂರೇ ದಿನಕ್ಕೆ ಬೇರು ಸೋಪಾಗುತ್ತದೆ.

ದಸರೆ ಮುಗಿದ ವಾರ ಹುಗಿದೆ.
ಚಳಿಗೆ ಸತ್ತಂತೆ ಮಲಗಿತು. ಕೆದರಬೇಡ ಅಂದಿದ್ದಳು,
ಎರಡು ಸಲ ಕೆದರಿ ನೋಡಿದೆ.
ಶಿವರಾತ್ರಿಗೆ ಇಲಿಬಾಲದಂಥ ಚಿಗುರು.
ಜಾಲಿ ಗೂಟ ನೆಟ್ಟು, ಮಿಲ್ಲಿನ ಚೀಲದ ದಾರ ಬಿಗಿದು,
ಮೇಲೆ ಹತ್ತಿಕಟ್ಟಿಗೆ ಹಾಸಿದೆ.
ಯುಗಾದಿ ಕಳೆದದ್ದೇ ಹಂದರದ ತುಂಬ ಹೂ,
ಕುಚ್ಚು ಬಿಟ್ಟ ಸೆರಗಿನಂಥ ಬಿಳಿ ಹೂ.
ಕಾಯಿ ಒಂದೂ ಇಲ್ಲ.
ಹೂವಿನಡಿ ಬೆರಳ ತುದಿಯಷ್ಟು ಉಬ್ಬಿದ್ದು
ಹಳದಿಯಾಗಿ ವಾರದೊಳಗೆ ಉದುರುತ್ತಿತ್ತು.

ಮಣ್ಣಿಗೆ ಬೈದೆ. ತೌಡಿನ ಧೂಳಿಗೆ ಬೈದೆ.
ಕೊನೆಗೆ ಅವಳಿಗೇ ಬೈಯಲು ಸೈಕಲ್ ಹತ್ತಿ ಕ್ಯಾಂಪಿಗೆ ಹೋದೆ.

ನಕ್ಕಳು. ಆರು ವರ್ಷದವಳಾಗಿ ಇಲ್ಲಿಗೆ ಬಂದವಳು,
ನಮ್ಮ ಮಾತನ್ನು ನಮಗಿಂತ ಜೋರಾಗಿ ಆಡುತ್ತಾಳೆ,
ಹೂವು ಅನ್ನಲಿಕ್ಕೊಂದು ಬಾರದು.
"ಹೊಟ್ಟಿ ಮುಂದಿರೋ ಹೂಬು ಹೆಣ್ಣು ಬೇ.
ನಿನ್ನ ಹಂದರದಾಗ ಎಲ್ಲಾ ಹೆಣ್ಣ. ಗಂಡಿನ ಬಳ್ಳೀನ ಬ್ಯಾರೆ.
ನೀ ಕೇಳಲಿಲ್ಲ, ನಾ ಕೊಡಲಿಲ್ಲ."

ಅವರ ಮನೆಯ ಗಂಡುಬಳ್ಳಿ ಯಾರಿಗೂ ಕೊಡುವುದಲ್ಲವಂತೆ.
ಅವಳ ಅತ್ತೆ ನದಿ ದಾಟುವಾಗ ಒದ್ದೆ ಗೋಣಿಯಲ್ಲಿ ಸುತ್ತಿ
ಮಗುವಿನ ಜೊತೆ ಎತ್ತಿಕೊಂಡು ತಂದದ್ದು.
ಮಗು ದಾರಿಯಲ್ಲೇ ಹೋಯಿತು.
ಅಷ್ಟು ಹೇಳಿ ಅಕ್ಕಿ ಆರಿಸತೊಡಗಿದಳು.
ನಾನು ಮತ್ತೆ ಕೇಳಲಿಲ್ಲ.

ಅಲ್ಲಿಂದ ಎರಡು ಬೇಸಿಗೆ
ಕೋಳಿ ಕೂಗುವ ಮೊದಲೇ ನಾನು, ಸೈಕಲ್ಲು, ಸ್ಟೀಲಿನ ಡಬ್ಬಿ.
ಡಬ್ಬಿಯಲ್ಲಿ ಒದ್ದೆ ಅರಿವೆ, ಅರಿವೆಯ ಮೇಲೆ ಹತ್ತು ಗಂಡು ಹೂ.
ಚಹಾ ಕುಡಿಸದೆ ಕಳಿಸುತ್ತಿರಲಿಲ್ಲ. ಕುಡಿದರೆ ಹೊತ್ತಾಗುತ್ತದೆ,
ಬಿಸಿಲೇರಿದರೆ ಹೂವಿನ ಹುಡಿ ಸತ್ತಹಾಗೆ.
ಪಕಳೆ ಹರಿದುಹಾಕಿ ಹೆಣ್ಣಿನ ನೆತ್ತಿಗೆ ಮೆಲ್ಲಗೆ ಸವರು.
ಒಂದು ಗಂಡಿಗೆ ಏಳು ಹೆಣ್ಣು, ಎಂಟನೆಯದಕ್ಕೆ ಆಸೆಪಡಬೇಡ.
ಏಳಕ್ಕೆ ಮಿಲ್ಲಿನ ಸೈರನ್ನು;
ಹಳದಿ ಬೆರಳಲ್ಲೇ ಭತ್ತ ಗುಡಿಸಿದೆ.

ಕಾಯಿ ಹಿಡಿಯಿತು. ತೊಂಡೆಕಾಯಿಯ ಅಣ್ಣನ ಹಾಗೆ, ಮೈಮೇಲೆ ಬಿಳಿ ಪಟ್ಟೆ.
ಗುರೆಳ್ಳು ಪುಡಿ ತುಂಬಿ ಎಣ್ಣೆಗಾಯಿ ಮಾಡಿ ಒಯ್ದೆ.
ಸಾಸಿವೆ ಅರೆದು ಹಾಕಬೇಕಿತ್ತು ಅಂದಳು.
ಡಬ್ಬಿಯ ಮೂಲೆಯನ್ನೂ ಬೆರಳಿಂದ ಬಳಿದಳು.

ಮೂರನೆಯ ವರ್ಷ, ಹಂದರದ ಮೂಲೆಯಲ್ಲಿ
ನಾನು ಹುಗಿಯದ ಒಂದು ಸಿಂಬಿ ಚಿಗುರಿತ್ತು.
ನಾನು ಮಿಲ್ಲಿನಲ್ಲಿದ್ದಾಗ ಬಂದು ಹೋಗಿರಬೇಕು,
ನನ್ನ ಮಂಡಿಯ ಸುದ್ದಿ ಯಾರೋ ಹೇಳಿರಬೇಕು.
ಒಂದು ಸಂಜೆ ಅದರಲ್ಲಿ ಮೂರು ಮೊಗ್ಗು,
ಒಂದಕ್ಕೂ ಹೊಟ್ಟೆಯಿಲ್ಲ.

ದೀಪ ಹಿಡಿದು ಬಹಳ ಹೊತ್ತು ನಿಂತಿದ್ದೆ.
ಆಮೇಲೆ ಮೂರನ್ನೂ ಚಿವುಟಿದೆ.
ಕೋಳಿ ಕೂಗುವ ಮೊದಲೇ
ಡಬ್ಬಿ ಕ್ಯಾರಿಯರಿಗೆ ಕಟ್ಟಿದೆ.

"ಮೂಲಿಯೊಳಗಿಂದು ಹೂಬು ಬಿಟ್ಟಿಲ್ಲೇನು?"
ಇಲ್ಲವ್ವ, ಅಂದೆ.
ಒಲೆಯ ಬೆಳಕಿನಲ್ಲಿ
ನನ್ನ ಉಗುರಿನ ಹಸಿರು ನೋಡಿದಳು.
"ಮೊದಲನೇ ವರ್ಷ ಬಿಡೋದಿಲ್ಲ ಅದು,"
ಅಂದಳು, ಚಹಾ ಸೋಸುತ್ತ.
"ನೀರು ಕಡಿಮಿ ಹಾಕು. ಇನ್ನೊಂದು ವರ್ಷ ನೋಡೋಣಂತ."