ಎರಡು ಗಂಟೆ, ಒಂದು ಲೋಟ

ನಿನ್ನೆ ರಾತ್ರಿ ಹತ್ತರಿಂದ ಬರಿಹೊಟ್ಟೆ.
ಹುಟ್ಟಿದಂದಿನಿಂದ ತಿನ್ನು ತಿನ್ನು ಎಂದವರೇ
ತಿನ್ನಬೇಡ ಎಂದು ಕಾಗದ ಕಳಿಸಿದ್ದಾರೆ.
ಬೆಣ್ಣೆಯ ಮೇಲೆ ಬೆಣ್ಣೆ, ಕೆನೆಯ ಮೇಲೆ ಕೆನೆ,
ಊಟಕ್ಕೆ ಮುಂಚೆ ಅಂಗೈ ತುಂಬ ಗುಳಿಗೆ.
ಇಷ್ಟಾದರೂ ಮೈಗೆ ಹತ್ತುವುದಿಲ್ಲ,
ಬಿರುಕುಬಿಟ್ಟ ಗಡಿಗೆಗೆ ನೀರು ಹೊಯ್ದ ಹಾಗೆ.

ಮೇಯೋದಿಂದ ಗಾಲ್ವೇಗೆ ಕತ್ತಲಲ್ಲೇ ಹೊರಡುವ ಬಸ್ಸು.
ನಾನು ಕೆಮ್ಮಿದರೆ ತಿರುಗಿ ನೋಡದ ಒಬ್ಬನೇ ಮನುಷ್ಯ
ಡ್ರೈವರ್ ಫಿಂಟನ್.
ನನಗೆಂದು ತಂದ ಸ್ಕೋನ್ ಬೇಡವೆಂದಾಗ ಮಾತ್ರ
ಇವತ್ತು ತಿರುಗಿ ನೋಡಿದ.

ನನ್ನಜ್ಜಿ ನಾಪ್ಲಾ ಅಕಿಲ್ ದ್ವೀಪದವಳು.
ಇಳಿತದ ಹೊತ್ತಿಗೆ ಬಂಡೆಯಿಂದ ಕಡಲಪಾಚಿ ಕಿತ್ತು
ಕಲ್ಲುಗೋಡೆಯ ಮೇಲೆ ಒಣಹಾಕುತ್ತಿದ್ದವಳು.
ಮೂರು ತಿಂಗಳ ನನ್ನ ಹಣೆಗೆ ಮುತ್ತಿಟ್ಟು
ತುಟಿ ನೆಕ್ಕಿಕೊಂಡು ಸುಮ್ಮನಾದಳಂತೆ.
ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹೆಸರು
ಡಾಕ್ಟರ ಬಾಯಿಗೆ ಬರುವ ಮೊದಲೇ
ಅದರ ರುಚಿ ಅವಳ ನಾಲಗೆಗೆ ಗೊತ್ತಾಗಿತ್ತು.
ಉಪ್ಪಿಗಿಂತ ರುಚಿಯಿಲ್ಲ ಎನ್ನುವ ಮಾತನ್ನು
ದಯವಿಟ್ಟು ಅವಳೆದುರು ಆಡಬೇಡಿ.

ಈಗ ಸಿಹಿಯ ಸರದಿ.

ನರ್ಸ್ ಅಟ್ರಾಕ್ಟಾ ಮೊದಲ ರಕ್ತ ಎಳೆದಳು,
ಲೋಟ ಕೊಟ್ಟಳು. ಐದು ನಿಮಿಷದಲ್ಲಿ ಖಾಲಿಯಾಗಬೇಕು.
ನಿಂಬೆಯ ಹೆಸರು ಹೇಳಿಕೊಂಡ ಪಾಕ,
ಹಲ್ಲಿಗೆಲ್ಲ ಅಂಟಿಕೊಂಡು ಇಳಿಯಿತು.
ಇನ್ನೆರಡು ಗಂಟೆ ಅಲ್ಲಾಡದೆ ಕೂತಿರು ಎಂದಳು.
ನನ್ನ ಮೇದೋಜೀರಕ ಇಪ್ಪತ್ತೊಂಬತ್ತು ವರ್ಷ
ಕೂತೇ ಇದೆ, ಹೇಳಬೇಕಾಗಿಲ್ಲ.

ಎದುರು ಕೋಣೆಯಲ್ಲಿ, ಗಾಜಿನಾಚೆ, ಕಾನಲ್.
ಒಂಬತ್ತು ವರ್ಷದ ಗೆಳೆತನ,
ಒಮ್ಮೆಯೂ ಕೈ ಕುಲುಕಿಲ್ಲ.
ನನ್ನೆದೆಯ ಕ್ರಿಮಿ ಅವನಿಗಾಗದು,
ಅವನದು ನನಗಾಗದು.
ಮದುವೆಯಾದ ಸುದ್ದಿಯನ್ನೂ ಗಾಜಿಗೆ
ಉಂಗುರ ತಟ್ಟಿಯೇ ಹೇಳಿದ.
ಇವತ್ತು ಅವನ ಕೈಯಲ್ಲೂ ಅದೇ ಲೋಟ.
ಎತ್ತಿ ಹಿಡಿದ. ನಾನೂ ಎತ್ತಿದೆ.
ಯಾರ ಆರೋಗ್ಯಕ್ಕೆ ಎಂದು ಇಬ್ಬರೂ ಕೇಳಲಿಲ್ಲ.
ಆಮೇಲೆ ಪೆನ್ನು ತೆಗೆದು ಗಾಜಿನ ಮೇಲೆ
ತಿರುವುಮುರುವಾಗಿ ಬರೆದ
(ಇಷ್ಟು ವರ್ಷದಲ್ಲಿ ಅದು ಅವನಿಗೆ ಕರಗತ):
ವಾಂತಿ ಬರುತ್ತಿದೆಯಾ?
ಬರುತ್ತಿದೆ ಎಂದು ತಲೆಯಾಡಿಸಿದೆ.
ಖುಷಿಯಾಯಿತು ಅವನಿಗೆ.

ಗಡಿಯಾರ ನಿಧಾನ. ಕಿಟಕಿಯಲ್ಲಿ ಕಡಲಕಾಗೆಯೊಂದು
ಯಾರದೋ ಸ್ಯಾಂಡ್‌ವಿಚ್ಚಿನ ತುದಿ ಹರಿಯುತ್ತಿತ್ತು.
ಅಷ್ಟು ಹೊಟ್ಟೆಕಿಚ್ಚು ನನಗೆ
ಹಕ್ಕಿಯ ಮೇಲೆ ಯಾವತ್ತೂ ಬಂದಿರಲಿಲ್ಲ.

ಶುಕ್ರವಾರ ಫೋನು. ಹನ್ನೆರಡು ಪಾಯಿಂಟ್ ಮೂರು.
ಇನ್ನೊಂದು ಪರೀಕ್ಷೆ ಮಾಡಿ ಖಾತ್ರಿಪಡಿಸುತ್ತೇವೆ,
ಆದರೆ ಸೂಜಿ ಹಿಡಿಯುವುದನ್ನು ಕಲಿತಿಟ್ಟುಕೋ ಎಂದಳು ಅಟ್ರಾಕ್ಟಾ.
ಬೆಣ್ಣೆ ಬಿಡಬೇಡ. ಕೆನೆ ಬಿಡಬೇಡ.
ಏನನ್ನೂ ಬಿಡಬೇಡ, ಇನ್ಸುಲಿನ್ ಮಾತ್ರ ಕೂಡಿಸು.

ಅಪ್ಪನಿಗೆ ಇದು ಅನ್ಯಾಯ ಅನಿಸಿತು.
ಎಂಟು ವರ್ಷದಿಂದ ಅವನಿಗೂ ಸಕ್ಕರೆ ಕಾಯಿಲೆ,
ಬೇರೆ ಜಾತಿಯದು: ಚಪ್ಪೆ ಟೀ, ಒಣ ರೊಟ್ಟಿ,
ಬಿಸ್ಕತ್ತಿನ ಡಬ್ಬಿಯನ್ನು ಅಮ್ಮ
ಎಲ್ಲಿಟ್ಟಿದ್ದಾಳೆಂದು ಅವನಿಗೆ ಗೊತ್ತಾಗಬಾರದು.
ಒಂದೇ ಹೆಸರಿನ ರೋಗ, ನನಗೆ ಉಪವಾಸ,
ನಿನಗೆ ಹಬ್ಬವಾ ಎಂದು ಗೊಣಗಿದ.
ಆಮೇಲೆ ನನ್ನ ಮುಖ ನೋಡಿ ಗೊಣಗುವುದನ್ನು ಬಿಟ್ಟ.
ಎದ್ದ. ನೆಟ್ಟಗೆ ಮೇಲಿನ ಕೋಣೆಗೆ ಹೋಗಿ,
ಬೀರುವಿನ ನೆತ್ತಿಯಿಂದ, ಕಂಬಳಿಯ ಹಿಂದಿನಿಂದ,
ದೀಪ ಕೂಡ ಹಾಕದೆ ಡಬ್ಬಿ ಇಳಿಸಿ ತಂದು
ನನ್ನ ಮುಂದಿಟ್ಟ.

ಮುಚ್ಚಳ ತೆರೆದರೆ
ಮೇಲಿನ ಸಾಲು ಪೂರ್ತಿ ಖಾಲಿ.
ಅಮ್ಮ ನನ್ನನ್ನು ಬಿಟ್ಟು
ಅವನ ಕಡೆ ತಿರುಗಿದಳು.