ಎರಡು ಗಂಟು

ಮ್ಯಾಲಕಿ ಬಸ್ಸಿಳಿದದ್ದನ್ನು ಮೊದಲು ಕಂಡವಳು ನಾನೇ.
ಮೇಯೋ ಸೀಮೆಯ ಜೂನ್: ಹತ್ತು ಹೊಡೆದರೂ
ಬೆಳಕು ಸಾಯದು, ಮುಖ ಮುಚ್ಚಲು ಕತ್ತಲಿಲ್ಲ.
ಹಗ್ಗ ಬಿಗಿದ ಕಂದು ಪೆಟ್ಟಿಗೆ.
ಕೊರಳಲ್ಲಿ ಬಿಳಿಪಟ್ಟಿ ಇರಲಿಲ್ಲ.

ಎರಡು ಹಸು ಮಾರಿ ಓದಿಸಿದ್ದಳು ಡಿಂಪ್ನಾ,
ಮಗ ಪಾದ್ರಿಯಾಗಲೆಂದು.
ಬಿಷಪ್ಪರು ಬಂದಾರೆಂದು ಕೊಂಡ ಆರು ಬೆಳ್ಳಿ ಚಮಚ
ಒಮ್ಮೆಯೂ ಸಕ್ಕರೆ ಕಲಕಿರಲಿಲ್ಲ.
ಮಗಳು ಅಟ್ರಾಕ್ಟಾಳ ಮದುವೆಯೂ ಅದಕ್ಕೇ ಕಾದಿತ್ತು:
ಅಣ್ಣ ಪಾದ್ರಿಯಾದರೆ
ಬರುವ ಗಂಡಿಗೆ ಹತ್ತೆಕರೆ ಹೆಚ್ಚಂತೆ.

ನಾನು ಹೇಳಿದ್ದು ಒಬ್ಬಳಿಗೇ, ಅಂಚೆಯ ಹೊನೋರಾಗೆ,
ಅದೂ ಒಂದು ಸ್ಟಾಂಪು ನೆಕ್ಕಿ ಅಂಟಿಸುವಷ್ಟು ಹೊತ್ತು.
ಹಾಲಿನ ಕ್ಯಾನು ಡೈರಿ ಮುಟ್ಟುವ ಮೊದಲೇ
ಮಾತು ಮುಟ್ಟಿತ್ತು, ಕೆನೆಗಟ್ಟಿ.
ಹುಡುಗಿಯ ವಿಷಯವಂತೆ. ಅಲ್ಲ, ಕುಡಿತವಂತೆ.
ಎದೆರೋಗ ಕಣೇ, ಪಾಪ.
ಪಾಪವೇ ಇರಬೇಕು, ಎಂದಿತು ಸರತಿಯ ಕೊನೆ.

ಶನಿವಾರ ಡಿಂಪ್ನಾ ನಮ್ಮ ಅಂಗಡಿಗೆ ಬಂದಳು,
ಚರ್ಚಿಗೆ ಹಾಕುವ ಹ್ಯಾಟು ಹಾಕಿ.
'ಅರ್ಧ ಪೌಂಡು ಹ್ಯಾಮು. ಸೆಮಿನರಿಗೆ ಪಾರ್ಸಲ್,
ಮ್ಯಾಲಕಿಗೆ ಅಲ್ಲಿಯ ಊಟ ಸೇರದು.'
ಬಾಗಿಲಾಚೆಗೂ ಕೇಳುವಷ್ಟು ಗಟ್ಟಿ.
ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಿತ್ತು.
ನಾನು ತೂಗಿದೆ, ಕಾಗದ ಮಡಿಸಿದೆ,
ದೂರ ಹೋಗುವ ಪೊಟ್ಟಣಕ್ಕೆ ಹಾಕುವಂತೆ
ಎರಡು ಗಂಟು ಹಾಕಿದೆ.
ಅವಳು ಆ ಗಂಟನ್ನೇ ನೋಡಿದಳು,
ಆಮೇಲೆ ನನ್ನನ್ನು.

ಆ ರಾತ್ರಿ ಅವರ ಜೌಗಿನಲ್ಲಿ
ಯಾರೋ ಉರುವಲ ಮಣ್ಣು ಕಡಿಯುವ ಸದ್ದು,
ಕಂದೀಲಿಲ್ಲದೆ, ಬೆಳಗಿನ ತನಕ.
ಊರಿಗೆಲ್ಲ ಕೇಳಿಸಿತು.
ಗಾಳಿ ಜೋರಿತ್ತು ರಾತ್ರಿ, ಅಂದೆವು ಮರುದಿನ,
ಒಬ್ಬರಿಗೊಬ್ಬರು, ಚಿಲ್ಲರೆ ಎಣಿಸುತ್ತ.