ಠಣ್

ಮೈಸೂರು ರಸ್ತೆಯ ಗುಜರಿ ಅಂಗಳದಲ್ಲಿ
ಎರಡು ಹಳೇ ಪೆಟ್ರೋಲು ಮನೆಬಂಡಿ.
ಒಂದಕ್ಕೆ ಹೂವಿನ ಪರದೆ, ಗ್ಯಾಸ್ ಒಲೆ,
ಮಡಚುವ ಮಂಚ. ನಾನು ಆಗಲೇ
ಒಳಗೆ ಕೂತು ಮನಸ್ಸಲ್ಲೇ ಕಾಫಿ ಸೋಸುತ್ತಿದ್ದೆ.

ಇನಾಯತ್ ಹತ್ತಲೇ ಇಲ್ಲ.
ಗೋಣಿತಾಟು ಹಾಸಿ, ಅಂಗಾತ ಅಡಿಗೆ ಜಾರಿ
ಸ್ಪ್ಯಾನರಿನಲ್ಲಿ ಚಾಸಿ ತಟ್ಟಿದ,
ಸಂತೆಯಲ್ಲಿ ಅಮ್ಮ ಮಡಕೆ ತಟ್ಟುತ್ತಿದ್ದ ಹಾಗೆ.
ದಬ್. ದಬ್. ಮತ್ತೆ ದಬ್.
"ತುಕ್ಕು ತಿಂದುಬಿಟ್ಟಿದೆ ಮೇಡಂ.
ಶಿರಾಡಿ ಘಾಟಿ ಇಳಿಯೋವಾಗ
ಮನೆ ನಿಮ್ಮ ಜೊತೆ ಬರತ್ತೆ,
ಚಕ್ರ ಬರಲ್ಲ."

ಇನ್ನೊಂದು ಬೋಳು. ಸೀಟೂ ಇಲ್ಲ, ಇಲಿ ನಾತ.
ತಟ್ಟಿದ.
ಪಕ್ಕದ ಟೈರ್ ಅಂಗಡಿಯ ಹುಡುಗ
ತಿರುಗಿ ನೋಡಿದ.

ಹುಬ್ಬಿನ ತುಕ್ಕು ಒರೆಸುತ್ತ ಎದ್ದ ಇನಾಯತ್.
ಎಣಿಸಿ ಮುಂಗಡ ಕೊಟ್ಟೆ, ಆ ಸದ್ದಿಗೆ.
ಆಮೇಲೆ ತಡೆಯಲಾಗದೆ
ಗುಜರಿಯವನನ್ನು ಕೇಳಿದೆ:
ಆ ಪರದೆ ಮಾತ್ರ ಎಷ್ಟಕ್ಕೆ ಕೊಡ್ತೀರಿ?